ಕಾಲುವೆಯ ಇಪ್ಪತ್ತಾರು ನಿಮಿಷ

ಜೂನ್ ಒಂದರಿಂದ ಡಿಸೆಂಬರ್ ಎರಡನೆಯ ಭಾನುವಾರದವರೆಗಿನ ಮೊತ್ತ ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ: ಸೈಕಲ್ 2,914 ಕಿಲೋಮೀಟರ್, ಓಟ 611, ಈಜು 58.5. ಮೊದಲ ಎರಡು ಅಂಕಿ ಸರಿ. ಮೂರನೆಯದನ್ನೂ ಟೇಪು ಹಿಡಿದೇ ಅಳೆದದ್ದು. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಾವು ಈಜಿದ್ದಲ್ಲ.

ನಾವು ಎಂದರೆ ನಾನು ಮತ್ತು ನನ್ನ ಅಕ್ಕನ ಗಂಡ. ಅವರನ್ನು ನಾನು ಕರೆಯುವುದು ಮಾಮಾ ಎಂದು. ಅವರು ಗಂಗಾವತಿಯಲ್ಲಿ ಲೈನ್‌ಮನ್, ವಯಸ್ಸು ಮೂವತ್ತೆಂಟು. ನಾನು ಕುಷ್ಟಗಿಯಲ್ಲಿ ಭೂಮಾಪಕ, ಆಗ ಇಪ್ಪತ್ತಾರು. ಹೊಲದ ಬದುಗಳನ್ನು ಅಳೆಯುವುದು ನನ್ನ ಕೆಲಸ, ಅಳೆದದ್ದನ್ನು ಬರೆದಿಡುವುದು ನನ್ನ ಚಾಳಿ. ಕೋವಿಡ್ ಮುಗಿದ ಮೇಲೆ ಮಾಮಾಗೆ ಸಕ್ಕರೆ ಕಾಯಿಲೆಯ ಆರಂಭ ಎಂದು ಡಾಕ್ಟರು ಹೇಳಿದ್ದರು. ನಡೆಯಲು ಶುರು ಮಾಡಿದವರು ಓಡಿದರು, ಓಡಿದವರು ಸೈಕಲ್ ಕೊಂಡರು. ಯಾರೋ ಮೊಬೈಲಿನಲ್ಲಿ ಟ್ರಯಥ್ಲಾನ್ ತೋರಿಸಿದರು. ಡಿಸೆಂಬರಿನಲ್ಲಿ ದೂರದ ಊರೊಂದರ ಕೆರೆಯಲ್ಲಿ ಸ್ಪರ್ಧೆ ಇತ್ತು: ಒಂದೂವರೆ ಕಿಲೋಮೀಟರ್ ಈಜು, ನಲವತ್ತು ಸೈಕಲ್, ಹತ್ತು ಓಟ. ಈಜನ್ನು ಐವತ್ತು ನಿಮಿಷದೊಳಗೆ ಮುಗಿಸದವರನ್ನು ಮುಂದಕ್ಕೆ ಬಿಡುವುದಿಲ್ಲ.

ಸೈಕಲ್ಲಿಗೆ ನಮ್ಮ ಸೀಮೆಯಷ್ಟು ಒಳ್ಳೆಯ ಗುರು ಬೇರೆ ಇಲ್ಲ. ಯಲಬುರ್ಗಾದಿಂದ ಕುಕನೂರಿನ ಕಡೆ ಹೊರಟರೆ ಜುಲೈನ ಎದುರುಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತದೆ. ಚಹಾದಂಗಡಿಯ ಮುಂದೆ ಕೂತವರು ದಿನವೂ ಅದೇ ಪ್ರಶ್ನೆ ಕೇಳುತ್ತಿದ್ದರು. "ಏನ್ರೀ, ಯಾರ್ ಬೆನ್ನ ಹತ್ಯಾರ?" ಮಾಮಾ ನಿಲ್ಲದೆ ಉತ್ತರ ಕೊಡುತ್ತಿದ್ದರು. "ಡಾಕ್ಟರ್ ಬೆನ್ನ ಹತ್ಯಾನ್ರೀ!"

ಈಜಿಗೆ ಜಾಗವಿರಲಿಲ್ಲ. ಇಬ್ಬರೂ ಬಾವಿಯಲ್ಲಿ ಕಲಿತವರು. ಬಾವಿಯ ಈಜು ಎಂದರೆ ಜಿಗಿಯುವುದು, ನಾಲ್ಕು ಸುತ್ತು ಹಾಕುವುದು, ಮೆಟ್ಟಿಲು ಹಿಡಿಯುವುದು. ಸಾಣಾಪುರದ ಕೆರೆಗೆ ಒಮ್ಮೆ ಹೋದೆವು. ಈಜಬಾರದೆಂಬ ಫಲಕವಿತ್ತು, ಬಟ್ಟೆ ಬಿಚ್ಚುವ ಮೊದಲೇ ಹರಿಗೋಲಿನವರು ಗದರಿಸಿ ಓಡಿಸಿದರು. ಆಮೇಲೆ ನಮಗೆ ಉಳಿದದ್ದು ಗದ್ದೆಗಳ ನಡುವಿನ ಕಾಲುವೆ. ಆಗಸ್ಟಿನಲ್ಲಿ ನೀರು ಬಿಟ್ಟಿದ್ದರು. ನಾನು ಒಂದು ಸೇತುವೆಯಿಂದ ಕೆಳಗಿನ ಸೇತುವೆಯವರೆಗೆ ಏರಿಯ ಮೇಲೆ ಟೇಪು ಹಿಡಿದು ಅಳೆದೆ. ಕೆಳಗಿನ ಸೇತುವೆಗೆ ನಲವತ್ತು ಮೀಟರ್ ಮುಂಚೆ ಒಂದು ಕಲ್ಲಿಗೆ ಸುಣ್ಣ ಬಳಿದೆ. ಸರಿಯಾಗಿ 1,500.

ಶನಿವಾರ, ಭಾನುವಾರ ಬೆಳಿಗ್ಗೆ ಮೇಲಿನ ಸೇತುವೆಯಲ್ಲಿ ಇಳಿದು ಸುಣ್ಣದ ಕಲ್ಲಿನಲ್ಲಿ ಹತ್ತಿ, ಏರಿಯ ಮೇಲೆ ನಡೆದು ವಾಪಸು ಬರುತ್ತಿದ್ದೆವು. ನೀರಿಗೆ ಎದುರು ಈಜಲು ನೋಡಿದಾಗ ನಿಂತಲ್ಲೇ ಇದ್ದೆವು. ಆದ್ದರಿಂದ ಯಾವಾಗಲೂ ಕೆಳಮುಖ. ನಾಟಿಗೆ ಹೊರಟ ಹೆಂಗಸರು ಮೊದಲ ದಿನ ಕೂಗಿದರು. "ಅಯ್ಯ, ಇಬ್ರೂ ಬಿದ್ದಾರ, ಹಗ್ಗ ತರ್ರಿ!" ಎರಡನೆಯ ವಾರ ಅವರೇ, "ಇವ್ರು ಬಿದ್ದೋರಲ್ಲ, ತಾವಾಗೇ ಬೀಳೋರು," ಎಂದು ಮುಂದೆ ಹೋದರು.

ಸೆಪ್ಟೆಂಬರ್ ಕೊನೆಗೆ ಮಾಮಾ ಇಪ್ಪತ್ತಾರು ನಿಮಿಷಕ್ಕೆ ಬಂದರು. ನಾನು ಇಪ್ಪತ್ತೆರಡಕ್ಕೆ. ನೋಟ್‌ಬುಕ್ಕಿನಲ್ಲಿ ಆ 26ರ ಸುತ್ತ ನೀಲಿ ಪೆನ್ನಿನ ಗೆರೆ ಇದೆ. ಅದು ಮಾಮಾ ಎಳೆದದ್ದು. "ಐವತ್ತಂತ ಐವತ್ತು! ಉಳಿದ ಇಪ್ಪತ್ನಾಕ್ ನಿಮಿಷ ದಂಡಿಮ್ಯಾಲ ಕುಂತು ಮಂಡಕ್ಕಿ ತಿಂತೀನಿ ನಾ."

ಅಕ್ಟೋಬರ್ 9ರಂದು ಮಾಮಾನ ರಬ್ಬರ್ ಚಪ್ಪಲಿಯೊಂದು ಸೇತುವೆಯಿಂದ ನೀರಿಗೆ ಬಿತ್ತು. ನನಗೆ ಆ ದಿನ ಭುಜ ನೋಯುತ್ತಿದ್ದುದರಿಂದ ಈಜದೆ ಏರಿಯ ಮೇಲಿದ್ದೆ. ಮಾಮಾ ಚಪ್ಪಲಿಯ ಹಿಂದೆಯೇ ಧುಮುಕಿ ಅದನ್ನು ದಾಟಿ ಹೋದರು. "ಸರ್ವೇ ಸಾಹೇಬ್ರ, ಅದಕ್ಕೂ ಒಂದ್ ನಂಬರ್ ಕೊಡ್ರಿ!" ಎಂದು ನೀರಿನಿಂದಲೇ ನಕ್ಕರು. ಚಾಳಿ ಕೆಟ್ಟದ್ದು, ಚಪ್ಪಲಿಗೆಂದು ನಾನು ಮೊಬೈಲಿನ ಗಡಿಯಾರವನ್ನೂ ಒತ್ತಿದ್ದೆ. ಚಪ್ಪಲಿಯ ಜೊತೆ ನಡೆದೆ. ಕಾಲುವೆಯ ನಡುವೆ ಅದು ಯಾರ ಹಂಗೂ ಇಲ್ಲದೆ ತೇಲಿಕೊಂಡು ಬಂದು ಸುಣ್ಣದ ಕಲ್ಲನ್ನು ದಾಟಿತು. ನಲವತ್ತೈದು ನಿಮಿಷ. ಕೈಕಾಲಿಲ್ಲದ ಚಪ್ಪಲಿ ಐವತ್ತರೊಳಗೆ ಮುಟ್ಟಿತ್ತು.

ಆ ಸಂಜೆ ಬಸ್ಸಿನಲ್ಲಿ ಕೂತು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪೆನ್ಸಿಲ್ಲಿನಿಂದ ಲೆಕ್ಕ ಮಾಡಿದೆ. ನೀರಿನ ವೇಗ ನಿಮಿಷಕ್ಕೆ 33 ಮೀಟರ್. ಅದನ್ನು ಕಳೆದರೆ, ನಿಂತ ನೀರಿನಲ್ಲಿ ನನಗೆ 43 ನಿಮಿಷ, ಮಾಮಾಗೆ 61.

ಬಸ್ಸು ತಾವರಗೇರಾ ತಲುಪುವಷ್ಟರಲ್ಲಿ ಆ ಲೆಕ್ಕಕ್ಕೆ ನಾನೇ ಉತ್ತರ ಹುಡುಕಿಕೊಂಡಿದ್ದೆ. ಚಪ್ಪಲಿ ಹೋದದ್ದು ನಡುನೀರಿನಲ್ಲಿ, ಅಲ್ಲಿ ಸೆಳೆತ ಹೆಚ್ಚು. ನಾವು ಈಜುವುದು ದಂಡೆಯ ಪಕ್ಕ. ಒಂದು ಸಲದ ಅಳತೆ ಅಳತೆಯಲ್ಲ. ಇನ್ನೊಮ್ಮೆ ನೋಡಿದರಾಯಿತು. ಇನ್ನೊಮ್ಮೆ ನೋಡಲಿಲ್ಲ. ಹೊಲದ ಜಗಳದಲ್ಲಿ ಯಾರಾದರೂ ಹೀಗೆ ಮಾತಾಡಿದ್ದರೆ ನಾನು ಒಪ್ಪುತ್ತಿರಲಿಲ್ಲ.

ನವೆಂಬರಿನಲ್ಲಿ ಅಕ್ಕ ತಕರಾರು ತೆಗೆದಳು. ಸೈಕಲ್ಲಿಗೆ, ಓಟಕ್ಕೆ ಅವಳ ಒಪ್ಪಿಗೆಯಿತ್ತು, ಕೆರೆಯ ಈಜಿಗೆ ಇರಲಿಲ್ಲ. ಹನುಮಸಾಗರದ ಹತ್ತಿರದ ನಮ್ಮ ಊರಿನಲ್ಲಿ ಅವಳು ಕೊಡದಲ್ಲಿ, ಬಾವಿಯಲ್ಲಿ ಬಿಟ್ಟು ಬೇರೆಲ್ಲೂ ತುಂಬು ನೀರು ನೋಡಿ ಬೆಳೆದವಳಲ್ಲ. ರೊಟ್ಟಿ ಬಡಿಯುತ್ತ ಕೇಳಿದಳು.

"ಅವರ ಮಾತು ಬ್ಯಾಡ, ಅವರು ಕಂಬದ ಮ್ಯಾಲ ಇದ್ರೂ ಕೆಳಗದೀನಿ ಅಂತಾರ. ನೀ ಹೇಳು ತಮ್ಮಾ. ಎಷ್ಟೊತ್ತಿನ್ಯಾಗ ಹೊರಗ ಬರಬೇಕು?"

"ಐವತ್ತು ನಿಮಿಷ."

"ಇವರಿಗೆ ಎಷ್ಟು ಹಿಡಿತೈತಿ? ನಿನ್ನ ಬುಕ್ಕಿನ್ಯಾಗ ಏನೈತಿ?"

ಮಾಮಾ ಅವಳ ಬೆನ್ನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದರು. ಆರು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿದ ಮುಖ.

"ಇಪ್ಪತ್ತಾರು," ಎಂದೆ.

"ಬರದೈತಿ?"

"ಬರದೈತಿ."

"ಹಂಗಾದ್ರ ಹೋಗಿ ಬರ್ರಿ," ಎಂದು ರೊಟ್ಟಿಯನ್ನು ಹೆಂಚಿಗೆ ಹಾಕಿದಳು.

ಸ್ಪರ್ಧೆಯ ಅರ್ಜಿಯಲ್ಲಿ ತುರ್ತು ಸಂಪರ್ಕಕ್ಕೆ ನಾನು ಮಾಮಾನ ನಂಬರ್ ಕೊಟ್ಟೆ, ಮಾಮಾ ನನ್ನದು ಕೊಟ್ಟರು. ಇಬ್ಬರ ಮೊಬೈಲೂ ದಂಡೆಯ ಚೀಲದಲ್ಲಿರುತ್ತವೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಡಿಸೆಂಬರಿನ ಆ ಎರಡನೆಯ ಭಾನುವಾರ ಬೆಳಿಗ್ಗೆ ಆರೂವರೆಗೆ ನೀರಿಗಿಳಿದೆವು. ಕೆರೆಯ ನೀರು ತಣ್ಣಗಿತ್ತು, ಅಲುಗುತ್ತಿರಲಿಲ್ಲ. ಮೊದಲ ನೂರು ಮೀಟರಿನಲ್ಲೇ ತೋಳಿಗೆ ತಿಳಿಯಿತು, ಹಿಂದಿನಿಂದ ಯಾರೂ ತಳ್ಳುತ್ತಿಲ್ಲ ಎಂದು. ದಡ ಹತ್ತಿ ಗಡಿಯಾರ ನೋಡಿದೆ. ನಲವತ್ತನಾಲ್ಕು. ಪೆನ್ಸಿಲ್ಲಿನ ಲೆಕ್ಕ ಒಂದೇ ಒಂದು ನಿಮಿಷ ತಪ್ಪಿತ್ತು.

ಹಾಗಾದರೆ ಮಾಮಾನ 61 ಕೂಡ ಸರಿ ಎಂದು ಆ ಕ್ಷಣವೇ ಗೊತ್ತಾಯಿತು. ಹಿಂತಿರುಗಿ ನೋಡಿದೆ. ದೂರದಲ್ಲಿ ಹತ್ತಾರು ಟೊಪ್ಪಿಗೆಗಳು, ಎಲ್ಲವೂ ಒಂದೇ ಬಣ್ಣ. ಸಮಯ ಮುಗಿದರೆ ದೋಣಿಯವರು ಎತ್ತಿಕೊಂಡು ಬರುತ್ತಾರೆ, ಮಾಮಾ ದಡದಲ್ಲಿ ಕೂತು ನನಗೆ ಬಯ್ಯುತ್ತಾರೆ ಎಂದುಕೊಂಡೆ. ಸೈಕಲ್ ಹತ್ತಿದೆ.

ಒಂದು ಗಂಟೆ ಮೂವತ್ತೊಂದು ನಿಮಿಷದ ಮೇಲೆ ವಾಪಸು ಬಂದಾಗ ಮಾಮಾನ ಸೈಕಲ್ ಸ್ಟ್ಯಾಂಡಿನಲ್ಲಿ ನಾವು ನಿಲ್ಲಿಸಿದ ಹಾಗೆಯೇ ಇತ್ತು. ಹ್ಯಾಂಡಲಿಗೆ ಹೆಲ್ಮೆಟ್, ಸೀಟಿನ ಮೇಲೆ ಮಡಿಸಿದ ಟವೆಲ್, ಅದರ ಮೇಲೆ ಎರಡು ಬಾಳೆಹಣ್ಣು. ಮಾಮಾ ಎಲ್ಲೂ ಕಾಣಲಿಲ್ಲ. ನನ್ನ ಚೀಲ ಅಲ್ಲೇ ಕಾಲ ಬಳಿ ಇತ್ತು. ಅದರಲ್ಲಿ ಮೊಬೈಲ್ ಇತ್ತು. ಯಾರನ್ನಾದರೂ ಕೇಳಬಹುದಿತ್ತು. ಬೂಟು ಬದಲಿಸಿ ಹತ್ತು ಕಿಲೋಮೀಟರ್ ಓಡಿದೆ. ಒಂದು ಗಂಟೆ ನಾಲ್ಕು ನಿಮಿಷ. ಕೊರಳಿಗೆ ಪದಕ ಹಾಕಿದರು. ಚೀಲ ತೆಗೆದು ನೋಡಿದರೆ ಸ್ಪರ್ಧೆ ನಡೆಸುವವರ ಒಂದೇ ನಂಬರಿನಿಂದ ಹದಿನೇಳು ಕರೆ.

ಆಸ್ಪತ್ರೆಯ ಹೊರಗೆ ದೋಣಿಯ ಹುಡುಗರಲ್ಲೊಬ್ಬ ಸಿಕ್ಕ. ತಲೆ ತಗ್ಗಿಸಿ ಹೇಳಿದ: ನಲವತ್ತನೆಯ ನಿಮಿಷದ ಸುಮಾರಿಗೆ ಮಾಮಾನ ಕೈ ಸೋತದ್ದು ಕಂಡು ದೋಣಿ ಹಿಡಿಯಿರಿ ಎಂದು ಹತ್ತಿರ ಹೋಗಿದ್ದನಂತೆ. ಅವರು ಬೇಡವೆಂದು ಕೈ ಬೀಸಿದರಂತೆ. "ನಂದು ಇಪ್ಪತ್ತಾರು ನಿಮಿಷದ ಈಜು ಐತಿ, ದಂಡಿ ಬಂದೇ ಬಿಟ್ಟಿರತೈತಿ," ಎಂದರಂತೆ. ದಂಡೆ ಇನ್ನೂ ಐನೂರು ಮೀಟರ್ ದೂರವಿತ್ತು. ಅವನು ಇನ್ನೊಬ್ಬರ ಕಡೆ ದೋಣಿ ತಿರುಗಿಸಿ ಮತ್ತೆ ನೋಡುವಷ್ಟರಲ್ಲಿ ಟೊಪ್ಪಿಗೆ ಕಾಣಲಿಲ್ಲ.

ಅಕ್ಕನಿಗೆ ಫೋನು ಮಾಡಿದವನು ನಾನು. ಅವಳು ಅಳಲಿಲ್ಲ. "ಎಷ್ಟು ನಿಮಿಷಕ್ಕ ಹೊರಗ ತಗದ್ರು?" ಎಂದು ಮಾತ್ರ ಕೇಳಿದಳು. ಅದು ನನಗೆ ಗೊತ್ತಿರಲಿಲ್ಲ.

ಒಂಬತ್ತು ದಿನ ಬಾಯಲ್ಲಿ ನಳಿಕೆ, ಒಟ್ಟು ಇಪ್ಪತ್ತೆಂಟು ದಿನ ಆಸ್ಪತ್ರೆ. ಬದುಕಿದರು. ಆದರೆ ಎದೆಗೆ ಉಸಿರು ಮೊದಲಿನ ಹಾಗೆ ತುಂಬಲಿಲ್ಲ. ಕಂಬ ಹತ್ತುವ ಕೆಲಸ ಹೋಯಿತು. ಇನ್ನು ಮುಂದೆ ಕುರ್ಚಿಯಲ್ಲಿ ಕೂತು ದೂರು ಬರೆದುಕೊಳ್ಳುವ ಕೆಲಸ ಎಂದು ಮೇಲಿನವರು ತಿಳಿಸಿದರು.

ಫೆಬ್ರವರಿಯ ಒಂದು ಭಾನುವಾರ ಅಕ್ಕನ ಮನೆಗೆ ನೋಟ್‌ಬುಕ್ ತೆಗೆದುಕೊಂಡು ಹೋದೆ. ಅವಳ ಮುಂದಿಟ್ಟು, ಕೊನೆಯ ಪುಟ ನೋಡು ಎಂದೆ. ಅವಳು ಓದಿದಳು. ಚಪ್ಪಲಿ, 45. ನಾನು, 43. ಮಾಮಾ, 61. ಮೇಲೆ ತಾರೀಖು. ತಾರೀಖಿನ ಮೇಲೆ ಬೆರಳಿಟ್ಟು ಕೇಳಿದಳು.

"ನಾ ರೊಟ್ಟಿ ಮಾಡಾಕತ್ತಾಗ ಕೇಳಿದ್ನಲ್ಲ, ಅದಕ್ಕಿಂತ ಮೊದಲಿಂದೇನು ಇದು?"

"ಹೂಂ."

"ಇಪ್ಪತ್ತಾರು ಪೆನ್ನಿಲೆ ಬರದಿ. ಇದನ್ಯಾಕ ಪೆನ್ನಿಲೆ ಬರೀಲಿಲ್ಲ?"

ಅವಳು ಪುಟ ಮುಚ್ಚಿ ಒಳಗೆ ಹೋದಳು. ಊಟಕ್ಕೆ ತಟ್ಟೆ ತಂದಿಟ್ಟಳು, ಆದರೆ ಎದುರಿಗೆ ಕೂರಲಿಲ್ಲ. ಇವತ್ತಿಗೂ ಕೂರುವುದಿಲ್ಲ.

ಮಾಮಾ ಎಲ್ಲವನ್ನೂ ಒಳಗಿನ ಕೋಣೆಯಿಂದ ಕೇಳಿಸಿಕೊಂಡಿದ್ದರು. ಊಟವಾದ ಮೇಲೆ ಗೋಡೆ ಹಿಡಿದು ಹೊರಗೆ ಬಂದು, ನಡಿ, ಅಡ್ಡಾಡಿ ಬರೋಣ ಎಂದರು. ಮನೆಯಿಂದ ಓಣಿಯ ಬೇವಿನ ಮರದವರೆಗೆ ಹೋದೆವು. ಮೂರು ಕಡೆ ನಿಂತು ಉಸಿರು ತೆಗೆದುಕೊಂಡರು. ಮರದ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡು ಕೇಳಿದರು.

"ಎಷ್ಟ್ ಹೆಜ್ಜಿ ಆತೋ? ಎಣಿಸಿರ್ತೀ ನೀ."

"ನೂರಾ ಹನ್ನೆರಡು."

"ನೂರೈವತ್ತು ಬರಿ. ನಿಮ್ಮಕ್ಕಗ ಒಂದೀಟು ಸಮಾಧಾನ ಆಗ್ಲಿ." ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಲ್ಲುವವರೆಗೆ ಬೆನ್ನು ಹಿಡಿದು ನಿಂತೆ.

ಆಮೇಲೆ ಕಂಕುಳಲ್ಲಿದ್ದ ನೋಟ್‌ಬುಕ್ ತೆರೆದು ಜೇಬಿನಿಂದ ಪೆನ್ನು ತೆಗೆದೆ. 112, ಮೂರು ಕಡೆ ನಿಂತರು ಎಂದು ಬರೆದು, ಮಾಮಾಗೆ ತೋರಿಸಿದೆ. ಅವರು ಒಮ್ಮೆ ನೋಡಿ ಮುಖ ಬೀದಿಯ ಕಡೆ ತಿರುಗಿಸಿದರು. ಮನೆಗೆ ಬಂದು ಆ ಪುಟವನ್ನು ತೆರೆದು ಅಡುಗೆಮನೆಯ ಕಟ್ಟೆಯ ಮೇಲೆ, ಅಕ್ಕನ ಕಣ್ಣಿಗೆ ಬೀಳುವ ಹಾಗೆ ಇಟ್ಟು, ಸಂಜೆಯ ಬಸ್ಸು ಹಿಡಿದೆ.