ಕಾಕೂ ಆರಿಸಿದ ಕ್ಯಾಮೆರಾ

“ಇದು ಗುರುಗುಡತೈತಿ. ಬ್ಯಾರೇದು ತೋರಸ್ರಿ.”

ಅಂಗಡಿಯ ಪಾರೀಸಣ್ಣ ತಬ್ಬಿಬ್ಬಾದರು. ಗೋಕಾಕದ ಬಜಾರದಲ್ಲಿ ಇಪ್ಪತ್ತು ವರ್ಷಗಳಿಂದ ಟಿವಿ, ಟೇಪ್‌ರೆಕಾರ್ಡರ್ ಮಾರಿಕೊಂಡು ಬಂದವರು ಅವರು. ವಿಡಿಯೋ ಕ್ಯಾಮೆರಾ ಗುರುಗುಡುತ್ತದೆ ಎಂದು ದೂರುವ ಗಿರಾಕಿಯನ್ನು ಅದುವರೆಗೆ ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ.

ಹಾಗೆ ಹೇಳಿದ್ದು ನಮ್ಮ ಗೌರವ್ವ ಕಾಕೂ. ನಮ್ಮಪ್ಪನ ಕಡೆಯ ತಮ್ಮನ ಹೆಂಡತಿ. ಬೆಲ್ಲದ ಬಾಗೇವಾಡಿಯಲ್ಲಿ ಮನೆಯ ಪಡಸಾಲೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡು ಊರ ಹೆಂಗಸರಿಗೆಲ್ಲ ಜಂಪರ್ ಹೊಲಿದುಕೊಡುತ್ತಾಳೆ. ಅವಳನ್ನು ಕ್ಯಾಮೆರಾ ಅಂಗಡಿಗೆ ಕರೆದುಕೊಂಡು ಹೋದವನು ನಾನಲ್ಲ. ಅವಳೇ ಹಟ ಹಿಡಿದು ಬಂದಿದ್ದಳು. ಯಾಕೆ ಬಂದಳು ಎಂಬುದನ್ನು ಹೇಳಬೇಕಾದರೆ ನನ್ನ ಮರ್ಯಾದೆಯನ್ನು ಸ್ವಲ್ಪ ಕಳೆದುಕೊಳ್ಳಬೇಕಾಗುತ್ತದೆ. ಇರಲಿ, ನೀವೇನು ಹೊರಗಿನವರೇ?

ಕಾಕಾ ತೀರಿಕೊಂಡಾಗ ಮಗಳು ಸವಿತಾಗೆ ನಾಲ್ಕು ವರ್ಷ. ಕಾಕೂ ಯಾರ ಮುಂದೆಯೂ ಕೈಚಾಚಲಿಲ್ಲ. ಮಷಿನ್ ತುಳಿದೇ ಮಗಳನ್ನು ಬಿ.ಎ.ವರೆಗೆ ಓದಿಸಿದಳು. ಈ ವರ್ಷ ಮೂಡಲಗಿಯ ಹುಡುಗನೊಂದಿಗೆ ಸವಿತಾಳ ಮದುವೆ ಗೊತ್ತಾಯಿತು. ದೀಪಾವಳಿ ಮುಗಿದ ಮೇಲೆ ಮುಹೂರ್ತ.

ಹುಕ್ಕೇರಿಯಲ್ಲಿರುವ ನಮ್ಮ ದೊಡ್ಡಪ್ಪನ ಮನೆಯಲ್ಲಿ ಮಾತುಕತೆಗೆ ಕೂತೆವು. ದೊಡ್ಡಪ್ಪನೇ ಎಲ್ಲರಿಗೂ ಕೆಲಸ ಹಂಚಿದ. “ಧಾರಿಗೆ ಮಾಸ್ತರ ಮತ್ತ ಸುಜಾತಾ ಕುಂದರ್ಲಿ. ಗೌರವ್ವ ಉಗ್ರಾಣ ನೋಡ್ಕೊಳ್ಳಲಿ.”

ಮಾಸ್ತರ ಅಂದರೆ ನಾನು. ಸುಜಾತಾ ನನ್ನ ಹೆಂಡತಿ. ತಂದೆ-ತಾಯಿಯ ಜಾಗದಲ್ಲಿ ಕೂತು ನಾವು ಸವಿತಾಳನ್ನು ಧಾರೆ ಎರೆದುಕೊಡಬೇಕು. ಉಗ್ರಾಣ ಅಂದರೆ ಮಂಟಪದ ಹಿಂದೆ ಅಕ್ಕಿ, ಬೆಲ್ಲ, ಎಣ್ಣೆ ಡಬ್ಬಿಗಳನ್ನು ಇಡುವ ಕೋಣೆ. ಅಲ್ಲಿಂದ ವೇದಿಕೆ ಕಾಣುವುದಿಲ್ಲ. ಗಂಡ ಇಲ್ಲದವಳು ತಾಳಿ ಕಟ್ಟುವಾಗ ಎದುರಿಗಿರಬಾರದು ಎಂದು ದೊಡ್ಡಪ್ಪ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಅಲ್ಲಿ ಕೂತವರಿಗೆಲ್ಲ ಅದು ಗೊತ್ತಿತ್ತು.

ನಮ್ಮದು ಶರಣರ ವಚನ ಬಾಯಿಪಾಠ ಇರುವ ಮನೆತನ. ದೊಡ್ಡಪ್ಪನೇ ದಿನಾ ಬೆಳಿಗ್ಗೆ ಗಟ್ಟಿಯಾಗಿ ಹೇಳುತ್ತಾನೆ. ನಾನಂತೂ ಈ ಅಂಕಣದಲ್ಲಿ ಇದೇ ಪದ್ಧತಿಯ ವಿರುದ್ಧ ಎರಡು ಸಲ ಬರೆದಿದ್ದೇನೆ. (ನೀವು ಮೆಚ್ಚಿ ಪತ್ರವನ್ನೂ ಬರೆದಿದ್ದೀರಿ.) ಅಂಥ ನಾನು ಆವತ್ತು ಏನು ಮಾಡಿದೆ? ತಲೆ ಅಲ್ಲಾಡಿಸಿ ಚಹಾ ಕುಡಿದೆ.

ಸವಿತಾ ಅಳತೊಡಗಿದಳು. “ಅವ್ವ ಇಲ್ಲದ ನಾ ಹೆಂಗ ಕುಂದರ್ಲಿ?”

“ಹುಚ್ಚಿ, ನಾ ಎಲ್ಲಿ ಹೊಕ್ಕೇನಿ? ಅಲ್ಲೇ ಹಿಂದ ಇರ್ತೇನಲ್ಲ” ಎಂದಳು ಕಾಕೂ.

ಆಗ ನನಗೊಂದು ಭಾರೀ ಐಡಿಯಾ ಹೊಳೆಯಿತು. “ಕಾಕೂ, ನಾ ಒಂದು ವಿಡಿಯೋ ಕ್ಯಾಮೆರಾ ತಗೋತೇನಿ. ಮದುವಿ ಪೂರಾ ಶೂಟಿಂಗ್ ಮಾಡಿ ನಿನಗ ಟಿವ್ಯಾಗ ತೋರಸ್ತೇನಿ. ಅತ್ತ ನೀ ನೋಡಿದಂಗೂ ಆತು, ಇತ್ತ ಪದ್ಧತಿ ಮುರದಂಗೂ ಆಗಲಿಲ್ಲ” ಎಂದುಬಿಟ್ಟೆ.

ಎಂಥ ಜಾಣತನ ನೋಡಿ! ಮಗಳ ಮದುವೆಯನ್ನು ತಾಯಿಗೆ ಕ್ಯಾಸೆಟ್ಟಿನಲ್ಲಿ ತೋರಿಸುವ ಔದಾರ್ಯ! ಎಲ್ಲರೂ “ಚಲೋ ವಿಚಾರ” ಎಂದು ತಲೆದೂಗಿದರು.  ಕಾಕೂ ಮಾತ್ರ, “ಕ್ಯಾಮೆರಾ ತಗೊಳ್ಳಾಕ ನಾನೂ ಬರ್ತೇನಿ” ಎಂದಳು.

ಒಂದು ತಿಂಗಳು ನಾನು ರಿಸರ್ಚ್ ಮಾಡಿದೆ. ಗಣಿತದ ಮಾಸ್ತರನಲ್ಲವೇ? ಪ್ರೆಶರ್ ಕುಕ್ಕರ್ ಕೊಳ್ಳಬೇಕಾದರೂ ನಾಲ್ಕು ಪುಟ ಬರೆಯುವ ಆಸಾಮಿ. (ಆ ಕುಕ್ಕರಿನ ಸೀಟಿ ಮೂರನೇ ವಾರಕ್ಕೇ ಹಾರಿಹೋದದ್ದನ್ನು ಸುಜಾತಾ ಇನ್ನೂ ಮರೆತಿಲ್ಲ.) ಜೂಮ್ ಎಷ್ಟು, ಸ್ಕ್ರೀನ್ ಎಷ್ಟಿಂಚು, ತೂಕ ಎಷ್ಟು ಗ್ರಾಂ, ಎಲ್ಲಕ್ಕೂ ಕೋಷ್ಟಕ ಹಾಕಿದೆ. ನನ್ನ ಎರಡು ತಿಂಗಳ ಪಗಾರದ ಒಳಗೆ ಬರಬೇಕು, ಟ್ರಿಪ್‌ಗೂ ಆಗಬೇಕು, ಫಂಕ್ಷನ್‌ಗೂ ಆಗಬೇಕು. ಮದುವೆ ಮನೆಯವರು ಹೆಗಲ ಮೇಲೆ ಹೊತ್ತು ತಿರುಗುವ ಆ ದೊಡ್ಡ ಗುಂಡುಕಲ್ಲು ನಮಗೆ ಬೇಡ, ಅಂಗೈಯಲ್ಲಿ ಹಿಡಿಯುವಂಥದ್ದು ಬೇಕು.

ಪಾರೀಸಣ್ಣ ಗಾಜಿನ ಕೌಂಟರಿನ ಮೇಲೆ ಮೂರು ಕ್ಯಾಮೆರಾ ಸಾಲಾಗಿ ಇಟ್ಟರು. ನಾನು ಮೊದಲೇ ಒಂದಕ್ಕೆ ಮನಸೋತಿದ್ದೆ. ಅದರ ಮೈಮೇಲೆ ಬಂಗಾರದ ಬಣ್ಣದ ಅಕ್ಷರಗಳಲ್ಲಿ ‘700 ಎಕ್ಸ್ ಜೂಮ್’ ಎಂದು ಬರೆದಿತ್ತು. ಏಳುನೂರು ಪಟ್ಟು! ಗೋಕಾಕದಲ್ಲಿ ನಿಂತು ಬೆಳಗಾವಿ ಶೂಟ್ ಮಾಡಬಹುದು ಅಂದುಕೊಂಡೆ.

ಕಾಕೂ ಅದನ್ನು ಕೈಗೆ ತೆಗೆದುಕೊಂಡಳು. ಎದುರಿನ ಬೇಕರಿಯ ಬೋರ್ಡಿನ ಕಡೆ ತಿರುಗಿಸಿ ಜೂಮ್ ಒತ್ತಿದಳು. ಬೋರ್ಡು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಆಮೇಲೆ ಚೌಕಚೌಕವಾಗಿ ಒಡೆದುಹೋಯಿತು. ಅಕ್ಷರ ಯಾವುದು, ಗೋಡೆ ಯಾವುದು ಒಂದೂ ತಿಳಿಯಲಿಲ್ಲ.

“ದೂರಿಂದ ಜಗ್ಗಿದ್ರ ಬಟ್ಟಿ ಪಿಸೀತೈತಿ, ಮಾಸ್ತರ. ಅದರಕಿಂತ ನಾವ ಹತ್ರ ಹೋಗೂದು ಚಲೋ” ಎಂದಳು.

ಆಮೇಲೆ ಅವಳು ಮಾಡಿದ್ದನ್ನು ನನ್ನ ಕೋಷ್ಟಕದ ಯಾವ ಕಾಲಮ್ಮೂ ಊಹಿಸಿರಲಿಲ್ಲ. ಪಾರೀಸಣ್ಣರ ಅಪ್ಪಣೆ ಕೇಳಿ ಅಂಗಡಿಯ ಹಿಂದಿನ ಗೋಡೌನಿಗೆ ನಮ್ಮನ್ನು ನಡೆಸಿದಳು. ಅಲ್ಲಿ ಅರೆಗತ್ತಲು. ಫ್ಯಾನ್ ಬಂದ್ ಮಾಡಿಸಿದಳು. ನನ್ನನ್ನು ಫ್ರಿಜ್ಜಿನ ಡಬ್ಬಿಯ ಮುಂದೆ ನಿಲ್ಲಿಸಿ “ಏನರ ಸಣ್ಣದನಿಲೆ ಮಾತಾಡು” ಎಂದಳು. ನಾನು ಹದಿನೇಳರ ಮಗ್ಗಿ ಹೇಳಿದೆ. ಅದೇ ಏಳುನೂರು ಪಟ್ಟಿನ ಕ್ಯಾಮೆರಾದಲ್ಲಿ ಕಾಕೂ ಶೂಟ್ ಮಾಡಿದಳು, ಟಿವಿಗೆ ಹಚ್ಚಿ ಕೇಳಿದೆವು. ಮಗ್ಗಿಯ ಹಿಂದೆ ಸಣ್ಣಗೆ ಗುರ್ರ್ ಎಂಬ ಸದ್ದು ಇತ್ತಂತೆ. ನನಗೆ ಕೇಳಿಸಲಿಲ್ಲ, ಜೊತೆಗೆ ಬಂದಿದ್ದ ಸುಜಾತಾಗೂ ಕೇಳಿಸಲಿಲ್ಲ. ಇಪ್ಪತ್ತು ವರ್ಷ ಮಷಿನ್ನಿನ ಸಪ್ಪಳದ ಮೇಲೆಯೇ ಅದರ ಆರೋಗ್ಯ ಹೇಳಿದ ಕಿವಿಗೆ ಕೇಳಿಸಿತ್ತು. ಆಗಲೇ ಹೇಳಿದ್ದು, ಗುರುಗುಡತೈತಿ ಎಂದು.

“ಅದು ಒಳಗಿನ ಮೋಟಾರ್ ಸಪ್ಪಳ ರೀ, ಅಕ್ಕಾರ. ಮೈಕಿನ ಬಾಜೂಕ ಇರತೈತಿ. ಮದುವಿ ಗದ್ದಲದಾಗ ಯಾರಿಗೆ ಕೇಳಸ್ತೈತಿ ಬಿಡ್ರಿ” ಎಂದರು ಪಾರೀಸಣ್ಣ.

“ಹುಡುಗೀನ ಕಳಿಸಿಕೊಡೂ ಮುಂದ ಗದ್ದಲ ಇರಂಗಿಲ್ರಿ, ಅಣ್ಣಾರ. ಆವಾಗ ಆಕಿ ಮಾತು ಕೇಳಬೇಕು.”

ಪಾರೀಸಣ್ಣ ಅದನ್ನು ಬದಿಗಿಟ್ಟರು. ಎರಡನೆಯದು ಡಿಸ್ಕಿನ ಕ್ಯಾಮೆರಾ. ನೋಡಲು ಚೆಂದ, ಆದರೆ ಒಂದು ಡಿಸ್ಕಿಗೆ ಅರ್ಧ ಗಂಟೆ ಮಾತ್ರ ಎಂದಾಗ ಕಾಕೂ ಅದನ್ನು ಮುಟ್ಟಲೂ ಇಲ್ಲ. ಮೂರನೆಯದು ಅರ್ಧ ಕಿಲೋ ಕರದಂಟಿನ ಡಬ್ಬಿಯಷ್ಟಿತ್ತು. ಬೂದಿ ಬಣ್ಣ, ಎರಡು ವರ್ಷ ಹಳೆಯ ಮಾಡೆಲ್, ಪುಟ್ಟ ಕ್ಯಾಸೆಟ್, ಹತ್ತು ಪಟ್ಟು ಜೂಮ್. ನನ್ನ ಕೋಷ್ಟಕದಲ್ಲಿ ಅದಕ್ಕೆ ಕಟ್ಟಕಡೆಯ ಸ್ಥಾನ. ಗೋಡೌನಿನ ಕತ್ತಲಲ್ಲಿ ಅದು ನನ್ನ ಮುಖವನ್ನು ಮುಖದಂತೆಯೇ ತೋರಿಸಿತು. ಮಗ್ಗಿ ಸ್ವಚ್ಛವಾಗಿ ಕೇಳಿಸಿತು. ಬೆಲೆ ಎಲ್ಲಕ್ಕಿಂತ ಕಡಿಮೆ. ಉಳಿದ ದುಡ್ಡಿಗೆ ಕಾಕೂ ಇನ್ನೊಂದು ಬ್ಯಾಟರಿ ಕೇಳಿದಳು.

ಬಿಲ್ ಬರೆಯುತ್ತ ಪಾರೀಸಣ್ಣ ಕೇಳಿದರು. “ಮದುವ್ಯಾಗ ಶೂಟಿಂಗ್ ಯಾರ ಮಾಡವ್ರು?”

“ನಾನ” ಎಂದೆ, ಎದೆಯುಬ್ಬಿಸಿ.

“ನೀವು ಧಾರಿಗೆ ಕುಂತಿರ್ತೀರಿ, ಮರತೀರೇನು?” ಎಂದಳು ಸುಜಾತಾ.

ಖರೆ. ಒಂದು ತಿಂಗಳು ರಿಸರ್ಚ್ ಮಾಡಿದವನಿಗೆ ಇಷ್ಟು ಸಣ್ಣ ಲೆಕ್ಕ ಹೊಳೆದಿರಲಿಲ್ಲ!

“ನಾ ಮಾಡ್ತೇನಿ” ಎಂದಳು ಕಾಕೂ, ಕ್ಯಾಮೆರಾದ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳುತ್ತ.

ಉಗ್ರಾಣದ ಕಡೆ, ಊಟದ ಪಂಕ್ತಿ, ಬೀಗರ ಬರುವಿಕೆ, ಇಷ್ಟನ್ನು ತೆಗೆಯುತ್ತಾಳೆ ಅಂದುಕೊಂಡೆ. ವೇದಿಕೆಯ ಮೇಲಿನದಕ್ಕೆ ಬೀಗರು ಗೊತ್ತುಮಾಡಿದ ಸ್ಟುಡಿಯೋದವನು ಇದ್ದೇ ಇದ್ದ.

ಮುಂದಿನ ರವಿವಾರ ಪ್ರಾಕ್ಟೀಸಿಗೆಂದು ಗೋಕಾಕ ಫಾಲ್ಸ್‌ಗೆ ಹೋದೆವು. ಘಟಪ್ರಭೆ ಇನ್ನೂ ಕೆಂಪಗೆ ಧುಮುಕುತ್ತಿದ್ದಳು. ತೂಗುಸೇತುವೆಯ ಮೇಲೆ ಕಾಕೂ ಕ್ಯಾಮೆರಾ ಎತ್ತಿದ್ದೇ ತಡ, ನಾನು, ಸುಜಾತಾ, ಸವಿತಾ ಮೂವರೂ ಕೈಕಟ್ಟಿ ಉಸಿರು ಬಿಗಿಹಿಡಿದು ನಿಂತೆವು. ನಮ್ಮ ಬಾಜೂಕ ನಿಂತಿದ್ದ ಗುರುತಿಲ್ಲದ ಮಂದಿಯೂ ಹಾಗೇ ನಿಂತರು. “ಅಯ್ಯ, ಅಲ್ಲಾಡ್ರಿ! ಇದು ಫೋಟೋ ಅಲ್ಲ!” ಎಂದು ಕಾಕೂ ಕೂಗಿದಳು. ನಮ್ಮ ಕಡೆಯವರಿಗೆ ಇದೊಂದು ರೋಗ. ಕ್ಯಾಮೆರಾ ಕಂಡರೆ ಕಲ್ಲುಕಂಬವಾಗಿಬಿಡುತ್ತೇವೆ.

ಮನೆಗೆ ಬಂದು ನೋಡಿದರೆ ಮಾತೆಲ್ಲ ಗಾಳಿಯ ಸದ್ದಿನಲ್ಲಿ ಮುಳುಗಿತ್ತು. ಮರುದಿನ ಕಾಕೂ ಜಂಪರ್ ತುಂಡಿಗೆ ತೆಳ್ಳಗೆ ಸ್ಪಂಜು ಸೇರಿಸಿ, ಎಳೆಗೂಸಿಗೆ ಹಾಕುವ ಕುಂಚಿಗೆಯಂಥದ್ದೊಂದನ್ನು ಹೊಲಿದು ಮೈಕಿಗೆ ತೊಡಿಸಿದಳು. ಗಾಳಿ ಸದ್ದು ಅರ್ಧಕ್ಕರ್ಧ ನಿಂತಿತು. ನಾನು ಇಂಗ್ಲಿಷ್ ಮ್ಯಾನ್ಯುಯಲ್ ಓದಿ ಕನ್ನಡದಲ್ಲಿ ಹೇಳಿದೆ, ಅವಳು ಒಂದೇ ಸಲಕ್ಕೆ ಹಿಡಿದಳು. ಬಾಬಿನ್‌ಗೆ ದಾರ ಏರಿಸುವವಳಿಗೆ ಕ್ಯಾಸೆಟ್ ಹಾಕುವುದು ಯಾವ ಮಹಾ ಕೆಲಸ?

ಮದುವೆಯ ದಿನ ಬಂತು. ಮೂಡಲಗಿಯ ಮಂಟಪ ಕಿಕ್ಕಿರಿದಿತ್ತು. ನಾನು, ಸುಜಾತಾ ವೇದಿಕೆಯ ಮೇಲೆ ಕೂತೆವು. ಧಾರೆ ಮುಗಿಯಿತು. ಕಾಕೂ ಇರಬೇಕಾದ ಜಾಗದಲ್ಲಿ ನಾನಿದ್ದೇನೆ ಎಂಬುದು ಆಗ ಚುಚ್ಚಿತು. ಸವಿತಾ ತಲೆ ಎತ್ತಲೇ ಇಲ್ಲ. ಮೈಕಿನಲ್ಲಿ “ಮುತ್ತೈದೇರು ಮುಂದ ಬರ್ರಿ” ಎಂದು ಕೂಗಿದರು.

ಆಗ ಎಡಗಡೆಯ ಮೆಟ್ಟಿಲು ಹತ್ತಿ ಕಾಕೂ ಬಂದಳು.

ಬಿಳಿ ಅಂಚಿನ ಇಳಕಲ್ ಸೀರೆ. ಕಣ್ಣ ಮುಂದೆ ಕ್ಯಾಮೆರಾ. ಅವಸರವಿಲ್ಲ, ಅಂಜಿಕೆಯಿಲ್ಲ. ನೇರ ವಧೂವರರ ಎದುರಿಗೇ ಬಂದು ನಿಂತಳು. ದೊಡ್ಡಪ್ಪ ಕೋಲು ಊರಿಕೊಂಡು ಅಡ್ಡ ಬಂದ. ಬಾಯಿ ತೆರೆದ. 

ಅಷ್ಟರಲ್ಲಿ ಸ್ಟುಡಿಯೋದವನು ಗದರಿದ. “ಏ ಯಜಮಾನ್ರ, ಬಾಜೂ ಸರೀರಿ! ವಿಡಿಯೋದವ್ರಿಗೆ ಅಡ್ಡ ನಿಂತೀರಿ!”

ದೊಡ್ಡಪ್ಪ ಸರಿದ. ಹೌದು, ಸರಿದ! ನಮ್ಮ ಮದುವೆಗಳಲ್ಲಿ ವಿಡಿಯೋದವರಿಗಿರುವ ಮರ್ಯಾದೆ ಬೀಗರಿಗೂ ಇಲ್ಲ. ಅವರು ಸರಿ ಅಂದರೆ ಸರಿಯುತ್ತೇವೆ, ನಗು ಅಂದರೆ ನಗುತ್ತೇವೆ. ಅವರು ಒಪ್ಪುವ ತನಕ ತಾಳಿಯೂ ಕಾಯುತ್ತದೆ. ಆವತ್ತೂ ಕಾಯಿತು. ತಾಳಿ ಎತ್ತಿ ಹಿಡಿದ ಅಯ್ನೋರು ಅಭ್ಯಾಸಬಲದಿಂದ ಕ್ಯಾಮೆರಾದ ಕಡೆ ತಿರುಗಿ ಕೇಳಿದರು.

“ಆತೇನವಾ? ಕಟ್ಟಸಲೇನು?”

ಕಾಕೂ ಸ್ಕ್ರೀನಿನಿಂದ ಕಣ್ಣು ಕೀಳಲಿಲ್ಲ. “ಹೂಂ, ಕಟ್ಟಸ್ರಿ” ಎಂದಳು.

ತಾಯಿಯ ಅಪ್ಪಣೆ ಪಡೆದು ಸವಿತಾಳ ಕೊರಳಿಗೆ ತಾಳಿ ಬಿತ್ತು. ಸವಿತಾ ತಲೆ ಎತ್ತಿ ನಕ್ಕಳು. ಸುಜಾತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗಂತೂ ಆವತ್ತಿನಷ್ಟು ಹೆಮ್ಮೆ ನನ್ನ ಶಿಷ್ಯರು ಗಣಿತದಲ್ಲಿ ನೂರಕ್ಕೆ ನೂರು ತೆಗೆದಾಗಲೂ ಆಗಿಲ್ಲ. ಇವಳು ನಮ್ಮ ಕಾಕೂ ಎಂದು ಆ ಮೈಕ್ ಕಸಿದುಕೊಂಡು ಕೂಗಬೇಕೆನಿಸಿತು. ಎರಡು ಅಂಕಣ ಬರೆದು ನಾನು ಅಲುಗಾಡಿಸಲಾಗದ್ದನ್ನು ಅವಳು ಭಾಷಣವಿಲ್ಲದೆ ದಾಟಿ ಬಂದಿದ್ದಳು.

ವಾರದ ನಂತರ ಎಲ್ಲರೂ ಕೂತು ಆ ಕ್ಯಾಸೆಟ್ ನೋಡಿದೆವು. ಚಿತ್ರ ಎಲ್ಲಿಯೂ ನಡುಗಿಲ್ಲ. ಅಕ್ಕಿಕಾಳು ಹಾಕುವ ಗಳಿಗೆಯಲ್ಲಿ ಮಾತ್ರ ಒಂದಿಷ್ಟು ಅಲುಗುತ್ತದೆ. ಆಗ ಕ್ಯಾಮೆರಾದ ಹಿಂದಿನಿಂದ ಒಂದು ಕೈ ಮುಂದೆ ಬರುತ್ತದೆ. ಸೂಜಿ ಚುಚ್ಚಿ ಚುಚ್ಚಿ ಗಡುಸಾದ ಬೆರಳುಗಳು. ಮುಷ್ಟಿ ಬಿಚ್ಚುತ್ತದೆ. ಕಾಳು ಮಗಳ ತಲೆಯ ಮೇಲೆ ಬೀಳುತ್ತವೆ.  ದೊಡ್ಡಪ್ಪನೇ ಟಿವಿಯ ಕಡೆ ಬಾಗಿ, “ಅದಷ್ಟ ಇನ್ನೊಮ್ಮಿ ಹಾಕು” ಎಂದ.

ಸುದ್ದಿ ಹಬ್ಬದೇ ಇರುತ್ತದೆಯೇ? ಮೊನ್ನೆ ಅಂಕಲಗಿಯ ಒಬ್ಬ ತರುಣ ನಮ್ಮ ಮನೆ ಹುಡುಕಿಕೊಂಡು ಬಂದ. ಮುಂದಿನ ತಿಂಗಳು ಅವನ ಮದುವೆ. ಅವನಿಗೂ ತಂದೆ ಇಲ್ಲ. ಕಾಕೂ ಅವತ್ತು ನಮ್ಮಲ್ಲಿಗೇ ಬಂದಿದ್ದಳು.

“ಅಕ್ಕಾರ, ಆ ಸಣ್ಣ ಕ್ಯಾಮೆರಾ ಯಾವುದು ಹೇಳ್ರಿ, ಅದನ್ನ ತಗೋತೇನಿ. ನಮ್ಮವ್ವಗ ಹಿಡಿಯೂದು ಕಲಸ್ರಿ. ಆಕಿ ನನ್ನ ಮದುವ್ಯಾಗ ನನ್ನ ಮುಂದ ನಿಂದ್ರಬೇಕು” ಎಂದ ಅವನು, ಕೈಮುಗಿದು.

ನನಗೆ ಮತ್ತೆ ಹೆಮ್ಮೆ ಉಕ್ಕಿತು. ಮಾಡೆಲ್ ನಂಬರ್ ಬರೆದುಕೊಡಲು ಪೆನ್ನು ಹುಡುಕಿದೆ. ಕಾಕೂ ನನ್ನ ಕೈ ತಡೆದು ಹುಡುಗನನ್ನೇ ನೋಡಿದಳು.

“ಕಲಸ್ತೇನಪ್ಪಾ, ಅದಕ್ಕೇನಂತ. ಆದ್ರ ಮದುವಿ ನಿಂದು, ಅವ್ವ ನಿನ್ನಾಕಿ. ಕ್ಯಾಮೆರಾ ಇಲ್ಲದ ಆಕೀನ ನಿಂದರಸಾಕ ನಿನಗೇನ್ ತ್ರಾಸ?”