ಮೆಲುಕು ನಿಂತ ದಿನ

ಬ್ಯಾಡರಹಳ್ಳಿಯ ಹನುಮಯ್ಯನವರು ಹಸುವಿನ ಬಾಯಿ ನೋಡಿ ಅದರ ಮುತ್ತಜ್ಜಿಯ ಜಾತಕ ಹೇಳಬಲ್ಲವರು. ಹೊಲವೆಲ್ಲ ಸೈಟಾಗಿ ಕೊಟ್ಟಿಗೆಯಲ್ಲಿ ಎರಡೇ ಹಸು ಉಳಿದಿದ್ದರೂ ಆ ವಿದ್ಯೆ ಮಾಸಿರಲಿಲ್ಲ. ಹಸು ಮೆಲುಕು ಹಾಕುತ್ತಿದ್ದರೆ ಅವರು ನಿಶ್ಚಿಂತರು; ಮೆಲುಕು ನಿಂತಿತೋ, ಚಪ್ಪಲಿ ಮರೆತು ದನದ ಡಾಕ್ಟರ ಮನೆಗೆ ಓಟ.

ಹಾಗಾಗಿ, ಏಳು ವರ್ಷದ ಮೊಮ್ಮಗಳು ಚೈತ್ರ ನುಂಗಿದ ಊಟವನ್ನು ಮತ್ತೆ ಬಾಯಿಗೆ ತಂದುಕೊಂಡು ಅಗಿಯುವುದನ್ನು ಕಂಡಾಗ ಅವರು ಹಿಗ್ಗಿದರು. ಮುದ್ದೆಯನ್ನು ಅಗಿಯದೆ ನುಂಗುವ ವಂಶದಲ್ಲಿ ಎರಡೆರಡು ಸಲ ಅಗಿಯುವವಳು!

"ನಮ್ ಕೊಟ್ಟಿಗೆ ಲಕ್ಷ್ಮಿ ಕಣೇ ನೀನು!"

ಆರು ತಿಂಗಳಲ್ಲಿ ಈ ಲಕ್ಷ್ಮಿ ಎಷ್ಟು ಸೊರಗಿದಳೆಂದರೆ, ಫ್ಯಾನ್ ಹಾಕುವ ಮುಂಚೆ ಅವಳನ್ನು ಮಂಚಕ್ಕೆ ಕಟ್ಟಬೇಕಿತ್ತು. ಶಾಲೆಯಲ್ಲಿ ಅವಳ ಪಕ್ಕ ಕೂತು ಯಾರೂ ಡಬ್ಬಿ ತೆರೆಯುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ಹೊಟ್ಟೆಯಲ್ಲಿ ದೋಷವಿಲ್ಲವೆಂದು ಬಸವೇಶ್ವರನಗರದ ಮಕ್ಕಳ ಮನಶ್ಶಾಸ್ತ್ರಜ್ಞೆ ಅನಘಾ ಅವರಲ್ಲಿಗೆ ಕಳಿಸಿದರು. ಸೊಸೆ ಮಾಲಾಳ ಸ್ಕೂಟರಿನಲ್ಲಿ ಹನುಮಯ್ಯನವರೂ ಹೋದರು.

"ಮೆಲುಕಿಗೂ ಮನಸ್ಸಿಗೂ ಏನ್ ಸಂಬಂಧ ಮೇಡಂ?"

"ಬೇಕಂತ ಮಾಡ್ತಿಲ್ಲ ತಾತ. ಊಟ ಆದ್ಮೇಲೆ ಹೊಟ್ಟೆ ಬಿಗಿಹಿಡಿದು ಮೇಲಕ್ಕೆ ತಳ್ಳೋದು ಅಭ್ಯಾಸ ಆಗ್ಬಿಟ್ಟಿದೆ. ಹೊಟ್ಟೆ ಉಬ್ಬಿಸಿ ನಿಧಾನಕ್ಕೆ ಉಸಿರಾಡಿದ್ರೆ ತಳ್ಳಕ್ಕಾಗಲ್ಲ. ಊಟ ಆದ ತಕ್ಷಣ ಯಾರಾದ್ರೂ ಜೊತೆಗೆ ಕೂತು ಮಾಡಿಸ್ಬೇಕು. ಅಗಿದ್ರೆ ಬೈಬೇಡಿ, ಹೊಗಳ್ಲೂಬೇಡಿ."

ಹನುಮಯ್ಯನವರು ತಲೆ ತಗ್ಗಿಸಿದರು. "ನಾನೇ ಹಾಳ್ಮಾಡಿದ್ನಾ?"

"ನಿಮ್ಮಿಂದ ಶುರುವಾಗಿಲ್ಲ. ನಿಲ್ಸಕ್ಕೆ ಮಾತ್ರ ನೀವು ಬೇಕು."

ಮನೆಯಲ್ಲಿ ಪಾಠ ಹತ್ತಲಿಲ್ಲ. ಉಸಿರೆಳೆದರೆ ಚೈತ್ರಳ ಭುಜ ಕಿವಿ ಮುಟ್ಟುತ್ತಿತ್ತು, ಹೊಟ್ಟೆ ಕದಲುತ್ತಿರಲಿಲ್ಲ. ನಾಲ್ಕನೆಯ ದಿನ ತಾತ ಅವಳನ್ನು ಕೊಟ್ಟಿಗೆಗೆ ಕರೆದೊಯ್ದು, ಮಲಗಿದ್ದ ಹಸುವಿನ ಪಕ್ಕೆಯ ಮೇಲೆ ಅವಳ ಕೈಯಿಟ್ಟರು.

"ಬಾಯಿ ನೋಡ್ಬೇಡ ಕಣವ್ವ, ಪಕ್ಕೆ ನೋಡು. ಹೆಂಗೆ ಏಳ್ತದೆ, ಹೆಂಗೆ ಇಳೀತದೆ."

"ನೀನೂ ಮಾಡು ತಾತ."

ಮಾಡಿದರು. ಅವರ ಹೊಟ್ಟೆ ಉಬ್ಬಿದರೆ ಮಾಗಡಿ ರಸ್ತೆಯ ಬಸ್ಸುಗಳು ದಾರಿ ಬಿಡಬೇಕು! ಚೈತ್ರ ನಕ್ಕಳು, ನಗುವಾಗ ಅವಳ ಹೊಟ್ಟೆಯೂ ಸಡಿಲವಾಯಿತು. ಅಂದಿನಿಂದ ದಿನವೂ ಊಟದ ನಂತರ ಇಬ್ಬರೂ ಹೊಟ್ಟೆಯ ಮೇಲೆ ಕೈಯಿಟ್ಟು ಕೂತರು. ಕೆಲವು ದಿನ ಗೆದ್ದರು, ಬಹಳ ದಿನ ಸೋತರು. ಅವಳ ಕೆನ್ನೆ ಆಡಿದಾಗ ತಾತ ಏನೂ ಅನ್ನದೆ ತಮ್ಮ ಉಸಿರನ್ನಷ್ಟೇ ಇನ್ನೂ ನಿಧಾನ ಮಾಡುತ್ತಿದ್ದರು.

ಎರಡನೆಯ ತಿಂಗಳ ಒಂದು ಭಾನುವಾರ, ಊಟವಾಗಿ ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಚೈತ್ರಳ ಕೆನ್ನೆ ಕದಲಲಿಲ್ಲ. ಹನುಮಯ್ಯನವರು ಚಪ್ಪಲಿ ಮರೆತು ಬೀದಿಗೆ ಓಡಿದರು.

"ದೊಡ್ಡಣ್ಣ, ಮೆಲುಕು ನಿಂತೋಯ್ತು ಕಣಯ್ಯ!"

ಎದುರುಮನೆಯ ದೊಡ್ಡಣ್ಣ ಗಾಬರಿಯಿಂದ ಹೊರಬಂದರು. "ಅಯ್ಯೋ, ಯಾವ ಹಸೂಗೆ? ಡಾಕ್ಟ್ರಿಗೆ ಫೋನ್ ಮಾಡ್ಲಾ?"

ಹನುಮಯ್ಯನವರಿಗೆ ನಗು ಬಂತು.

"ಮಾಡು," ಎಂದರು. "ಅನಘಾ ಮೇಡಂಗೆ ಮಾಡು."