ಕುಂತು ಮಾಡುವ ನೌಕರಿ

ನಮ್ಮ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ಸಂಬಳ ತಂದವಳು ನಾನೇ ಮೊದಲು. ಅವ್ವ ಕಾಲುವೆ ತೋಡುವ ಕಾಲದಲ್ಲಿ ಮಣ್ಣು ಹೊತ್ತವಳು. ಬುಟ್ಟಿ ಹೊತ್ತು ಹೊತ್ತು ಅವಳ ನೆತ್ತಿಯ ಕೂದಲು ತೆಳ್ಳಗಾಗಿದ್ದವು. ನಾನು ಶಹಾಪುರದಲ್ಲಿ ಬಿ.ಎ. ಮುಗಿಸಿ, ಭೀಮರಾಯನಗುಡಿಯ ನೀರಾವರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾದ ದಿನ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ನಿಂತು ಮಾಡೋದೋ, ಕುಂತು ಮಾಡೋದೋ?"

"ಕುಂತು ಮಾಡೋದವ್ವಾ. ಮ್ಯಾಲ ಫ್ಯಾನೂ ಅದ."

ಅವಳಿಗೆ ಅಷ್ಟು ಸಾಕಿತ್ತು. ಬಳಿಚಕ್ರದ ನೆಂಟರಿಂದ ಹಿಡಿದು ಸುರಪುರದ ಬೀಗರ ತನಕ "ನನ್ನ ಮಗಳದು ಕುಂತು ಮಾಡೋ ನೌಕರಿ" ಎಂದು ಹೇಳಿಕೊಂಡು ಬಂದಳು. ನನ್ನ ಹುದ್ದೆ ಯಾವುದು ಎಂದು ಅವಳಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಆ ಮಾತನ್ನು ನಾನು ಚೆನ್ನಾಗಿಯೇ ಉಳಿಸಿದೆ. ಕಚೇರಿಯಲ್ಲಿ ಕೂತೆ, ಮನೆಗೆ ಬಂದು ಟಿವಿ ಮುಂದೆ ಕೂತೆ. ಮದುವೆಯಾಗಿ ನೀರಾವರಿ ಕ್ಯಾಂಪಿನ ಕ್ವಾರ್ಟರ್ಸಿಗೆ ಬಂದಾಗ ಅವ್ವನೂ ನಮ್ಮ ಜೊತೆಗೇ ಬಂದಳು. ನಾನು ನೀರಿನ ಕೊಡಕ್ಕೆ ಕೈ ಹಾಕಿದರೆ ಬಂದು ಕಸಿದುಕೊಳ್ಳುತ್ತಿದ್ದಳು. ಹೀಗೆ ಕೂತೂ ಕೂತೂ ಐವತ್ತರ ಹತ್ತಿರ ಬಂದೆ.

ಆಗ ಸುರಪುರದಲ್ಲಿ ನೆಂಟರ ಬಸುರಿ ಹುಡುಗಿಯ ಕುಬಸದ ಕಾರ್ಯ ಬಂತು. ನೆಲದ ಮೇಲೆ ಪಂಕ್ತಿ ಹಾಕಿದ್ದರು. ಹೋಳಿಗೆ ಉಂಡು ಏಳಲು ಹೋದೆ, ಆಗಲಿಲ್ಲ. ಕೈ ಊರಿದೆ, ಮಗ್ಗುಲು ಬದಲಿಸಿದೆ, ಸೀರೆ ಸರಿಪಡಿಸಿಕೊಳ್ಳುವವಳಂತೆ ನಟಿಸಿದೆ. ಅಷ್ಟರಲ್ಲಿ ಎಲೆಗಳನ್ನು ತೆಗೆದರು. ಕಸ ಬಳಿಯುವಾಕೆ ನನ್ನ ಸುತ್ತ ಬಳಿದುಕೊಂಡು ಹೋದಳು. ಮುಂದಿನ ಪಂಕ್ತಿಯವರು ಬಂದು ಕೂತರು, ನನ್ನ ಮುಂದೂ ಹೊಸ ಎಲೆ ಬಿತ್ತು. ಮರ್ಯಾದೆಗೆ ಅಂಜಿ ಎರಡನೇ ಸಲವೂ ಉಂಡೆ. ಕೊನೆಗೆ ಎಪ್ಪತ್ತು ದಾಟಿದ ಅವ್ವ ಬಂದು, ರಟ್ಟೆ ಹಿಡಿದು ನನ್ನನ್ನು ಎಬ್ಬಿಸಿದಳು.

ಬಂದವರೆಲ್ಲ ನಕ್ಕರು, ನಾನೂ ನಕ್ಕೆ. ವಾಪಸು ಬರುವಾಗ ಬಸ್ಸಿನಲ್ಲಿ ಮಾತ್ರ ಯೋಚನೆ ಹತ್ತಿತು. ಇವತ್ತು ಎಬ್ಬಿಸಲು ಅವ್ವ ಇದ್ದಳು. ನಾಳೆ ಬಚ್ಚಲಲ್ಲಿ ಕೂತವಳನ್ನು ಯಾರು ಎಬ್ಬಿಸಬೇಕು?

ಯಾದಗಿರಿಯ ಲೇಡಿ ಡಾಕ್ಟರ್ ನನ್ನ ಮೊಣಕಾಲು ಒತ್ತಿ ನೋಡಿದರು. ಸಣ್ಣ ವಯಸ್ಸಿನವರು.

"ಕುಂತು ಕುಂತೇ ಹಿಂಗಾಗ್ಯಾದ್ರಿ ಮೇಡಂ. ತೊಡಿಯಾಗ ಶಕ್ತಿನೇ ಇಲ್ಲ. ದಿನಾ ಬಿರಬಿರ ನಡೀರಿ. ನಡನಡುವ ವಜನ ಎತ್ರಿ."

ಜೊತೆಗೆ ಬಂದಿದ್ದ ಅವ್ವ ಸ್ಟೂಲಿನಿಂದ ಎದ್ದು ನಿಂತಳು. "ಆಕಿ ಬಿ.ಎ. ಆಗ್ಯಾಳ್ರಿ."

"ನಾ ಎಂ.ಬಿ.ಬಿ.ಎಸ್. ಆಗೀನಜ್ಜಿ. ನಾನೂ ಎತ್ತತೀನಿ."

ಅವ್ವ ನನ್ನ ಕೈ ಹಿಡಿದು ಹೊರಗೆ ಕರೆತಂದಳು. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ, "ಪಾಪ, ಆಕಿಗಿ ಹೇಳೋರು ಕೇಳೋರು ಇಲ್ಲೇನೋ" ಎಂದಳು.

ಮರುದಿನ ಬೆಳಿಗ್ಗೆ ಕಾಲುವೆಯ ಒಡ್ಡಿನ ಮೇಲೆ ನಡೆಯಲು ಹೊರಟೆ. "ಆ ಒಡ್ಡಿಗಿ ನಾ ಮಣ್ಣು ಹೊತ್ತೀನಿ, ನೀ ನಡ್ಕೋತ ಹೋಗಲಿ ಅಂತಲ್ಲ" ಎಂದು ಅವ್ವ ಬಾಗಿಲಲ್ಲೇ ಅಂದಳು. ಒಡ್ಡಿನ ಮೇಲೆ ಇನ್ನೊಂದು ಕಷ್ಟ. ಕಚೇರಿಗೆ ಬಂದು ಹೋಗುವ ರೈತರಿಗೆಲ್ಲ ನನ್ನ ಮುಖ ಗೊತ್ತು. ಒಬ್ಬ ಬೈಕು ನಿಲ್ಲಿಸಿ, "ಸ್ಕೂಟಿ ಕೆಟ್ಟದೇನ್ರಿ ಮೇಡಂ? ಕುಂದರ್ರಿ, ಬಿಡ್ತೀನಿ" ಎಂದ. ವ್ಯಾಯಾಮ ಎಂದೆ. "ಅದನ್ನ ಮನಿಗಿ ಹೋಗಿ ಮಾಡೀರಂತ, ಕುಂದರ್ರಿ" ಎಂದ. ಬೇಡ ಅನ್ನಲು ನಾಲಿಗೆ ಬರಲಿಲ್ಲ. ಮೊದಲ ವಾರ ನಾನು ನಡೆದದ್ದಕ್ಕಿಂತ ಬೈಕಿನ ಮೇಲೆ ಹೋದದ್ದೇ ಹೆಚ್ಚು.

ವಜನದ್ದು ಇನ್ನೂ ಫಜೀತಿ. ಸಣ್ಣ ಚೀಲದಲ್ಲಿ ಜೋಳ ತುಂಬಿ, ಎದೆಗೆ ಅವುಚಿಕೊಂಡು ಅಂಗಳದಲ್ಲಿ ಕುಂದ್ರುವುದು ಏಳುವುದು ಶುರು ಮಾಡಿದೆ. ಪಕ್ಕದ ಮುಸ್ಲಿಂ ಮನೆಯಾಕೆ, ನಾವೆಲ್ಲ ಖಾಲಾ ಅನ್ನುವವಳು, ಗೋಡೆಯ ಮೇಲಿಂದ ಇಣುಕಿದಳು.

"ಯಕ್ಕಾ, ಮಗಳ ಕೈಲೆ ಹಮಾಲಿ ಮಾಡಸಾಕತ್ತೀಯೇನು?"

ಅವ್ವ ಚೀಲವನ್ನೂ ನನ್ನನ್ನೂ ಒಳಗೆಳೆದು ಬಾಗಿಲು ಹಾಕಿದಳು. ಮಧ್ಯಾಹ್ನ ಉಣ್ಣಲಿಲ್ಲ. "ನಿನ್ನ ಓದಿಸಿ ಇದನ್ನ ನೋಡಬೇಕಾತು" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು.

ನನಗೂ ಸಿಟ್ಟು ಬಂತು. "ಅವ್ವಾ, ನೀ ಹ್ವಾದ ಮ್ಯಾಲ ನನ್ನ ಎಬ್ಬಸೋರು ಯಾರು? ಡಿಗ್ರಿ ಬಂದು ಎಬ್ಬಸ್ತದೇನು?"

ಅವ್ವ ಎರಡು ದಿನ ಬಿಟ್ಟು, ರೊಟ್ಟಿ ಬಡಿಯುತ್ತ ತಾನಾಗಿಯೇ ಮಾತು ತೆಗೆದಳು.

"ಚೀಲ ಬ್ಯಾಡ, ಅದು ಹಮಾಲರದು. ಬುಟ್ಟಿ ಬ್ಯಾಡ, ಕೊಡಾನೂ ಬ್ಯಾಡ. ಯಾರೂ ಕೂಲಿಗಿ ಎತ್ತಲಾರದ್ದು ಏನರ ಇದ್ರ ಎತ್ತು."

ನನ್ನ ಗಂಡ ಯಾದಗಿರಿಯಿಂದ ಎರಡು ಕಬ್ಬಿಣದ ಡಂಬೆಲ್ ತಂದ. ಅವ್ವ ಅವನ್ನು ನೆಲದ ಮೇಲೆ ಉರುಳಿಸಿ ನೋಡಿದಳು.

"ಇದರಿಂದ ಖಾರ ಕುಟ್ಟಾಕ ಬರ್ತದೇನು?"

"ಇಲ್ಲವ್ವಾ."

"ಮತ್ತ ಯಾದಕ್ಕರ?"

"ಯಾದಕ್ಕೂ ಬರಂಗಿಲ್ಲ."

"ಹಂಗಾದ್ರ ಎತ್ತು."

ಮೇಲಾಗಿ ಬೂಟು ಹಾಕಲೇಬೇಕೆಂದು ಹಟ ಹಿಡಿದಳು. ಸೀರೆಯ ಕೆಳಗೆ ಬಿಳಿ ಬೂಟು ಕಂಡ ಮೇಲೆ ಒಡ್ಡಿನ ಮೇಲೆ ಬೈಕುಗಳು ನಿಲ್ಲುವುದೂ ನಿಂತಿತು. ಬೂಟು ಹಾಕಿದವರಿಗೆ ಏನೋ ದೊಡ್ಡ ಕೆಲಸ ಇರುತ್ತದೆ ಅಂದುಕೊಂಡರೋ ಏನೋ. ಖಾಲಾ ಮತ್ತೆ ಇಣುಕಿದಾಗ ಅವ್ವ ಅಂಗಳದಲ್ಲೇ ಕೂತು ಕಾಯುತ್ತಿದ್ದಳು.

"ಕೂಲಿ ಅಲ್ಲವ್ವಾ ಇದು. ಕೂಲಿ ಅಂದ್ರ ಇಲ್ಲಿಂದ ಎತ್ತಿ ಅಲ್ಲಿ ಹಾಕಬೇಕು. ಆಕಿ ಇಲ್ಲೇ ಎತ್ತಿ ಇಲ್ಲೇ ಇಡ್ತಾಳ. ಓದಿದವರಿಗಷ್ಟ ಇದನ್ನ ಡಾಕ್ಟರು ಹೇಳ್ತಾರ."

ಖಾಲಾ ಗೋಡೆಗೆ ಗದ್ದ ಊರಿದಳು. "ಹೌದು ನೋಡು. ಎಲ್ಲಿಗೂ ಒಯ್ಯವಲ್ಲಳು."

ಮೊದಮೊದಲು ಮೆಟ್ಟಿಲು ಹತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಬಿಡಲಿಲ್ಲ. ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ ಖಾಲಾನ ಮನೆಯಲ್ಲಿ ಮೊಮ್ಮಗಳ ನಿಕಾಹ್ ಆಯಿತು. ಚಾಪೆಯ ಮೇಲೆ ಸಾಲಾಗಿ ಕೂತು ಉಂಡೆವು. ಊಟ ಮುಗಿದ ಮೇಲೆ ಕೈ ಊರದೆ, ಯಾರನ್ನೂ ಹಿಡಿಯದೆ ಎದ್ದು ನಿಂತೆ. ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ನೋಡಿದೆ. ಎಲ್ಲರೂ ಹಾಗೆಯೇ ಏಳುತ್ತಿದ್ದರು, ಅದರಲ್ಲಿ ನೋಡುವಂಥದ್ದು ಯಾರಿಗೂ ಕಾಣಲಿಲ್ಲ.

ಅವ್ವ ಒಬ್ಬಳು ನೋಡಿದ್ದಳು. ಕೈ ತೊಳೆಯುವಾಗ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಅಂದಳು:

"ಅಷ್ಟು ಪಟಕ್ಕನ ಏಳಬ್ಯಾಡ. ಕುಂತು ಮಾಡೋ ನೌಕರಿ ಹೋಗ್ಯಾದ ಅಂತ ತಿಳ್ಕೋತಾರ."